ವ್ಯಾಕರಣಬೋಧನೆಯೂ ಗಣಕಯಂತ್ರವೂ: ಪೇಪರ್ಟರ ಗ್ರಂಥದ ವಿಮರ್ಶೆ

ಸೀಮೋರ್ ಪೇಪರ್ಟರು 1980ರಲ್ಲಿ ಪ್ರಕಟಿಸಿದ ‘ಮೈಂಡ್‌ಸ್ಟಾರ್ಮ್ಸ್’ ಗ್ರಂಥವು ಗಣಿತಬೋಧಕರಿಗೆ ಸೇರಿದುದೆಂದೇ ಸಾಮಾನ್ಯವಾದ ಎಣಿಕೆ. ಭಾಷಾಬೋಧಕರೂ ಅದನ್ನು ಪರಿಶೀಲಿಸುವುದು ಅವಶ್ಯವೆಂದು ನಮಗೆ ತೋರುತ್ತದೆ. ಗ್ರಂಥಕರ್ತರು ಜಿನೀವಾದಲ್ಲಿ ಪಿಯಾಜೆಯವರೊಡನೆ ಕೆಲಸಮಾಡಿದವರು. 1967ರಲ್ಲಿ ಮಕ್ಕಳಿಗಾಗಿ ‘ಲೋಗೋ’ ಎಂಬ ಗಣಕಭಾಷೆಯನ್ನು ರಚಿಸಿದವರಲ್ಲಿ ಒಬ್ಬರು. ಜ್ಞಾನವು ಹೊರಗಿನಿಂದ ತುಂಬತಕ್ಕುದಲ್ಲ, ಕಲಿಯುವವನೇ ಕಟ್ಟಿಕೊಳ್ಳತಕ್ಕುದು ಎಂಬುದು ಪಿಯಾಜೆಯವರ ತತ್ತ್ವ. ಹಾಗೆ ಕಟ್ಟುವುದಕ್ಕೆ ಗಣಕಯಂತ್ರವು ಉತ್ತಮವಾದ ಸಾಧನವೆಂಬುದು ಪೇಪರ್ಟರ ಪ್ರತಿಪಾದನೆ.

ಅವರು ಕೊಡುವ ನಿದರ್ಶನಗಳಲ್ಲೊಂದು ನಮಗೆ ವಿಶೇಷವಾಗಿ ಗ್ರಾಹ್ಯವಾಗಿದೆ. ಹದಿಮೂರು ವರ್ಷದ ಬಾಲಿಕೆಯೊಬ್ಬಳು, ಯಂತ್ರವು ಪಟ್ಟಿಗಳಿಂದ ಪದಗಳನ್ನು ಆರಿಸಿ ಪದ್ಯದಂತಹ ವಾಕ್ಯಗಳನ್ನು ಹೊಸೆಯುವಂತೆ ಮಾಡಹೊರಟಳು. ಪದಗಳು ಅಸ್ತವ್ಯಸ್ತವಾಗಿ ಬಂದವು. ಯಂತ್ರವು ಹೇಳಿದಷ್ಟನ್ನೇ ಮಾಡುವುದಾದಕಾರಣ, ಪದಗಳನ್ನು ಜಾತಿಜಾತಿಯಾಗಿ ವಿಂಗಡಿಸುವ ಭಾರವು ಅವಳ ಮೇಲೆಯೇ ಬಿತ್ತು. ಪಾಠದಲ್ಲಿ ಕೇಳಿಯೂ ಮನಸ್ಸಿಗೆ ಹತ್ತದಿದ್ದ ನಾಮಪದ ಕ್ರಿಯಾಪದಗಳ ಭೇದವು ಏತಕ್ಕೆಂಬುದು ಆಗ ಅವಳಿಗೆ ಹೊಳೆಯಿತು.

ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರವು ಮೊದಲು, ಪ್ರಯೋಗವು ಅನಂತರ. ಇಲ್ಲಿ ಆ ಕ್ರಮವು ತಿರುಗಿದೆ. ಅಗತ್ಯವು ಹುಟ್ಟಿದ ಮೇಲೆ ನಿಯಮವು ದೊರೆಯುತ್ತದೆ. ಇದೇ ಪ್ರಯೋಗವನ್ನು ಕನ್ನಡದಲ್ಲಿ ಮಾಡುವ ವಿದ್ಯಾರ್ಥಿಗೆ ಅಷ್ಟು ವಿಂಗಡಣೆ ಸಾಲದು. ಯಂತ್ರವು ‘ಹುಡುಗಿ ಬಂದನು’ ಎಂದೀತು, ‘ಮರಗಳು ಬಿದ್ದಿತು’ ಎಂದೀತು. ಲಿಂಗವಚನಗಳನ್ನೂ ಅವನು ಅರಸಲೇಬೇಕಾಗುವುದು. ಬೋಧನೆಗೆ ಇದು ದೊಡ್ಡ ಲಾಭವೇ ಸರಿ.

ಆದರೆ ಗ್ರಂಥದಲ್ಲಿ ಒಂದು ಕೊರತೆಯುಂಟು. ಸಮತ್ರಿಕೋನವನ್ನು ಬರೆಯುವಾಗ ಮಗುವು ಪ್ರತಿ ಮೂಲೆಯಲ್ಲಿ 120 ಅಂಶ ತಿರುಗಿಸುವ ಬದಲು 60 ಅಂಶ ತಿರುಗಿಸಿದರೆ, ತ್ರಿಕೋನವು ಮೂಡದು. ತಪ್ಪು ಕಣ್ಣಿಗೆ ಕಾಣುತ್ತದೆ. ‘ಹುಡುಗಿ ಬಂದನು’ ಎಂಬುದನ್ನಾದರೋ ಆ ಯಂತ್ರವು ನಿಶ್ಚಿಂತೆಯಾಗಿ ಅಚ್ಚುಹಾಕುತ್ತದೆ. ಅದು ತಪ್ಪೆಂದು ಅರಿಯುವುದು ಕಿವಿ. ಆ ಕಿವಿಯನ್ನು ಮನೆಮಾತೂ ಸತ್ಕಾವ್ಯಪಠನವೂ ಉಪಾಧ್ಯಾಯರೂ ಪಳಗಿಸಿರಬೇಕು. ರೇಖಾಗಣಿತಕ್ಕೆ ಹೊಂದುವ ವಾದವನ್ನು ಭಾಷೆಗೆ ಹಾಗೆಯೇ ಅನ್ವಯಿಸುವಲ್ಲಿ ಗ್ರಂಥಕರ್ತರು ಈ ಭೇದವನ್ನು ಸಾಕಷ್ಟು ವಿವೇಚಿಸಿಲ್ಲ.

ಇಂದಿನ ಗಣಕಗಳು ತಪ್ಪನ್ನು ತಾವೇ ತಿದ್ದಿಕೊಡಬಲ್ಲವು. ಇದರಿಂದ ಬರವಣಿಗೆಯು ಶುದ್ಧವಾಗಬಹುದು, ಆದರೆ ಆ ಬಾಲಿಕೆಯನ್ನು ಹುಡುಕಾಟಕ್ಕೆ ಹಚ್ಚಿದ ಅಗತ್ಯವು ಅಳಿದುಹೋಗುವುದು. ಯಾವ ತಪ್ಪನ್ನು ವಿದ್ಯಾರ್ಥಿಯ ಪಾಲಿಗೆ ಉಳಿಸಬೇಕೆಂಬುದನ್ನು ನಿರ್ಣಯಿಸತಕ್ಕವರು ಉಪಾಧ್ಯಾಯರೇ. ಆ ಅಧಿಕಾರವನ್ನು ಅವರು ಯಂತ್ರಕ್ಕೆ ಬಿಟ್ಟುಕೊಡಲಾಗದು.