ಹೆಲಿಕಾಪ್ಟರ್ ಬಾರದ ಊರು

ಅಂಬಿಕಾಸುತನ್ ಮಾಂಗಾಡ್ ಅವರ ಮಲಯಾಳಂ ಕಾದಂಬರಿ 'ಎಣ್ಮಕಜೆ' ಬಂದಿದ್ದು 2009ರಲ್ಲಿ. ಇಂಗ್ಲಿಷಿನಲ್ಲಿ 'ಸ್ವರ್ಗ' ಅನ್ನೋ ಹೆಸರಲ್ಲಿ ಸಿಗುತ್ತೆ. ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ಎರಡು ದಶಕ ಎಂಡೋಸಲ್ಫಾನ್ ಸುರಿದ ಕತೆ. ಈ ವಿಷ ಮಿದುಳಿನ ಬ್ರೇಕನ್ನೇ ಹಿಡಿಯುತ್ತೆ. ನರಗಳನ್ನು ಶಾಂತಗೊಳಿಸೋ ಸಂದೇಶ ತಲುಪಲ್ಲ, ಫಿಟ್ಸ್ ಬರುತ್ತೆ. 2011ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ತಡೆ ಹಾಕಿತು.

ಕಾದಂಬರಿಯ ಶಕ್ತಿ ಇರೋದು, ದೈವದ ಶಾಪ ಅಂತ ನಂಬಿದ್ದ ಊರಿಗೆ ನಿಜವಾದ ಕಾರಣ ಗೊತ್ತಾಗುತ್ತಾ ಹೋಗೋದರಲ್ಲಿ. ನನ್ನ ತಕರಾರು ಬೇರೆ. ಇಲ್ಲಿ ವಿಷ ಆಕಾಶದಿಂದ ಬರುತ್ತೆ, ಗಾಯ ಮಕ್ಕಳ ಮೈಮೇಲೆ ಕಾಣುತ್ತೆ. ಓದಿ ಮುಗಿಸಿದವರಿಗೆ ಕೀಟನಾಶಕದ ಹಾನಿ ಅಂದ್ರೆ ಇಷ್ಟೇ ಅನ್ನಿಸಿಬಿಡುತ್ತೆ.

ನಮ್ಮ ದಬ್ಬೇಘಟ್ಟದ ಕಡೆ ಹೆಲಿಕಾಪ್ಟರ್ ಬರಲಿಲ್ಲ. ತೆಂಗಿಗೆ ನುಸಿ ಪೀಡೆ, ಕಪ್ಪುತಲೆ ಹುಳ ಬಂದಾಗ ಮೊನೊಕ್ರೊಟೊಫಾಸ್ ಬಂತು. ಪೆನ್ಸಿಲ್ ದಪ್ಪದ ಬೇರನ್ನು ಓರೆಯಾಗಿ ಕತ್ತರಿಸಿ, 10 ಮಿ.ಲೀ. ವಿಷಕ್ಕೆ ಅಷ್ಟೇ ನೀರು ಬೆರೆಸಿದ ಪ್ಲಾಸ್ಟಿಕ್ ಚೀಲದಲ್ಲಿ ಮುಳುಗಿಸಿ ಕಟ್ಟೋದು. ಒಂದೊಂದೇ ಮರಕ್ಕೆ, ಬರಿಗೈಯಲ್ಲಿ. ಅದಕ್ಕೆ ನಾವು ಇಟ್ಟ ಹೆಸರು ಔಷಧಿ!

ನರದ ಒಂದು ಸಂದೇಶ ಮುಗಿದ ಮೇಲೆ ಅದನ್ನು ಅಳಿಸೋಕೆ ದೇಹದಲ್ಲೊಂದು ಕಿಣ್ವ ಇದೆ. ಈ ಜಾತಿಯ ವಿಷ ಅದರ ಕೈ ಕಟ್ಟುತ್ತೆ. ಒಮ್ಮೆಲೇ ಜಾಸ್ತಿ ಹೋದ್ರೆ ಆಸ್ಪತ್ರೆ. ವರ್ಷಗಟ್ಟಲೆ ಸ್ವಲ್ಪಸ್ವಲ್ಪ ಹೋದ್ರೆ? ಇಂಥ ವಿಷದ ಜೊತೆ ಕೆಲಸ ಮಾಡಿದವರಲ್ಲಿ ನೆನಪು, ಗಮನ, ಕೈಯ ಹಿಡಿತ ಕುಂದಿದ್ದನ್ನು ಹಲವು ಅಧ್ಯಯನಗಳು ಗುರುತಿಸಿವೆ. ಕೀಟನಾಶಕಕ್ಕೂ ಪಾರ್ಕಿನ್ಸನ್‌ಗೂ ನಂಟು ಕಂಡಿದೆ. ಆದರೆ ಒಬ್ಬರ ನಡುಗೋ ಕೈ ತೋರಿಸಿ, ಇದು ಅದರಿಂದಲೇ ಅಂತ ಸಾಬೀತು ಮಾಡೋದು ಕಷ್ಟ.

ಹಾಗಾಗಿ ನಾವು 'ವಯಸ್ಸಾಯ್ತು' ಅಂತೀವಿ. ಎಣ್ಮಕಜೆಯವರ 'ಶಾಪ'ಕ್ಕೂ ನಮ್ಮ ಈ ಮಾತಿಗೂ ಏನು ವ್ಯತ್ಯಾಸ?

ಔಷಧಿ ಕಟ್ಟಿದ ಮರದ ಕಾಯಿ 45 ದಿನ ಕೀಳಬಾರದು ಅನ್ನೋ ನಿಯಮ ಇತ್ತು. ತರಕಾರಿಗೆ ಮೊನೊಕ್ರೊಟೊಫಾಸ್ ಬಳಸಬಾರದು ಅಂತ 2005ರಲ್ಲೇ ಆಯ್ತು. ಎರಡೂ ತಿನ್ನೋರಿಗಾಗಿ, ಅಂದ್ರೆ ನಮ್ಮಂಥವರಿಗಾಗಿ. ಸರ್ಕಾರ ನಿಷೇಧಕ್ಕೆ ಬಂದಿದ್ದು 2023ರಲ್ಲಿ. ಅಷ್ಟೂ ವರ್ಷ ಕಟ್ಟುವವನ ಕೈಗೆ ಕಾಯೋ ದಿನ ಅಂತ ಒಂದೂ ಇರಲಿಲ್ಲ.

ಅವನ ಕಾದಂಬರಿಯನ್ನು ಇನ್ನು ಯಾರಾದ್ರೂ ಬರೀಬೇಕು. ಅಲ್ಲಿವರೆಗೆ, ಊರಿಂದ ಅಪ್ಪನನ್ನು ನರರೋಗ ತಜ್ಞರ ಹತ್ರ ಕರ್ಕೊಂಡು ಹೋದಾಗ ಬಿಪಿ, ಶುಗರ್ ಜೊತೆ ಇದನ್ನೂ ಹೇಳಿ: ಯಾವ ಔಷಧಿ, ಎಷ್ಟು ಮರ, ಎಷ್ಟು ವರ್ಷ.