ಹುಡುಕಿದರೆ ಸಿಗದ ಬಾಗಲಕೋಟೆ

‘ಈ ವಿಷಯದಲ್ಲಿ ಹೆಚ್ಚಿನ ಸಂಶೋಧನೆ ನಡೆದಿಲ್ಲ.’ ನಮ್ಮ ಪಿಎಚ್.ಡಿ. ಪ್ರಬಂಧಗಳ ಮೊದಲ ಅಧ್ಯಾಯದಲ್ಲಿ ಈ ವಾಕ್ಯ ತಪ್ಪುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಶಾಸನಗಳ ಕುರಿತು ನಾನೂ ಹಾಗೇ ಬರೆದಿದ್ದೆ. ಗೂಗಲ್ ಸ್ಕಾಲರ್‌ನಲ್ಲಿ ಜಿಲ್ಲೆಯ ಹೆಸರು ಹಾಕಿ, ಸಿಕ್ಕಷ್ಟನ್ನು ಜೊಟೆರೊದಲ್ಲಿ ಜೋಡಿಸಿಟ್ಟು, ಪೂರ್ವಾಧ್ಯಯನಗಳ ಸಮೀಕ್ಷೆ ಮುಗಿಯಿತೆಂದುಕೊಂಡೆ.

ತಪ್ಪು ಯಂತ್ರದ್ದಲ್ಲ, ನಾನು ಕೊಟ್ಟ ಪದದ್ದು. ಈ ಜಿಲ್ಲೆ ಆದದ್ದೇ 1997ರಲ್ಲಿ. ಅದಕ್ಕೆ ಮೊದಲು ಬಾದಾಮಿ, ಹುನಗುಂದ, ಇಳಕಲ್ ಎಲ್ಲವೂ ಬಿಜಾಪುರ ಜಿಲ್ಲೆ. ಇನ್ನೂ ಹಿಂದೆ ಕಲಾದಗಿ ಜಿಲ್ಲೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವನ್ನು ಫ್ಲೀಟ್ 1881ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದಾಗ ಅದರ ಭಾಷೆಗೆ ಕೊಟ್ಟ ಹೆಸರು ‘ಓಲ್ಡ್ ಕೆನರೀಸ್’. ‘ಕನ್ನಡ’ ಎಂದು ಹುಡುಕಿದವನಿಗೆ ಅದು ಹೇಗೆ ಸಿಕ್ಕೀತು? ಹಳೆಯ ಕನ್ನಡ ಪುಸ್ತಕಗಳ ಕಥೆ ಇನ್ನೂ ಕಷ್ಟ: ಸ್ಕ್ಯಾನ್ ಆಗಿದ್ದರೂ ಪುಟಗಳು ಬರೀ ಚಿತ್ರಗಳಾಗಿ ಉಳಿದಿದ್ದರೆ ಒಳಗಿನ ಒಂದು ಪದವೂ ಹುಡುಕಾಟಕ್ಕೆ ದಕ್ಕದು.

ಹಳೆಯ ಹೆಸರುಗಳಿಂದ ಮತ್ತೆ ಹುಡುಕಿದೆ. ಸಾಲುಸಾಲಾಗಿ ಲೇಖನಗಳು ಬಂದವು. ಆ ವಾಕ್ಯವನ್ನು ಅಳಿಸಿದೆ.

ಪ್ರಬಂಧ ಓದುವವರಲ್ಲಿ ನನ್ನದೊಂದು ಮನವಿ. ‘ಸಂಶೋಧನೆ ನಡೆದಿಲ್ಲ’ ಎಂದವರನ್ನು ಒಂದೇ ಪ್ರಶ್ನೆ ಕೇಳಿ: ಎಲ್ಲಿ, ಯಾವ ಯಾವ ಹೆಸರಿನಲ್ಲಿ ಹುಡುಕಿದಿರಿ? ಆ ಪಟ್ಟಿ ಇಲ್ಲದ ಸಮೀಕ್ಷೆಯನ್ನು ನಾನಂತೂ ಇನ್ನು ನಂಬಲಾರೆ.