ಹೆಸರು ಕೇಳದ ಬಾಗಿಲು

ಅಪ್ಪನಿಗೆ ಚೆಸ್ ಹುಚ್ಚು. ಜೊತೆಗೆ ಆಡುತ್ತಿದ್ದ ಗೆಳೆಯರು ಒಬ್ಬೊಬ್ಬರಾಗಿ ಊರು ಬಿಟ್ಟ ಮೇಲೆ ಚೆಸ್ ಮಣೆ ಅಟ್ಟ ಸೇರಿತ್ತು. ಹೋದ ವರ್ಷ ಅವರ ಮೊಬೈಲಿನಲ್ಲಿ ಒಂದು ಚೆಸ್ ತಾಣ ತೆರೆದುಕೊಟ್ಟೆ. ಅದು ಮೊದಲು ಇಮೇಲ್ ಕೇಳಿತು, ಆಮೇಲೆ ಪಾಸ್‌ವರ್ಡ್, ಆಮೇಲೆ ಫೋನ್ ನಂಬರ್, ಒಟಿಪಿ. ಅಪ್ಪ ಫೋನನ್ನು ನನ್ನ ಕೈಗೇ ವಾಪಸ್ಸು ಕೊಟ್ಟು, "ಒಂದು ಆಟ ಆಡೋಕೆ ಇಷ್ಟೆಲ್ಲ ಜಾತಕ ಯಾಕೋ?" ಎಂದರು.

ಆ ಮಾತು ನನ್ನೊಳಗಿನ ವಿಮರ್ಶಕನನ್ನು ಕೆಣಕಿತು. ಕತೆಯೊಂದರ ಮೊದಲ ಸಾಲನ್ನು ನಾವು ಎಷ್ಟು ಹೊತ್ತು ಚರ್ಚಿಸುತ್ತೇವೆ! ಆಟದ ಮೊದಲ ಪುಟವನ್ನೂ ಹಾಗೆಯೇ ಓದಬೇಕಲ್ಲವೇ? ಆಟಕ್ಕೆ ಮೊದಲೇ ಎದುರಾಗುವ ನೋಂದಣಿ ಅರ್ಜಿಯೂ ಆ ಕೃತಿಯ ಭಾಗವೇ. 'ನಾನು ಏನೆಂದು ಆಮೇಲೆ ಹೇಳುತ್ತೇನೆ, ಮೊದಲು ನೀನು ಯಾರು ಹೇಳು' ಎನ್ನುವ ಧ್ವನಿ ಅದರದು. ಪುಸ್ತಕದಂಗಡಿಯಲ್ಲಿ ನಿಂತು ನಾಲ್ಕು ಪುಟ ಓದಿ ಹೊರಡುವವನ ವಿಳಾಸವನ್ನು ಯಾರೂ ಬರೆದುಕೊಳ್ಳುವುದಿಲ್ಲ. ಮೆಚ್ಚಬೇಕೋ ಬೇಡವೋ ಎಂದು ತೀರ್ಮಾನಿಸುವ ಮೊದಲ ಹಕ್ಕು ಅಲ್ಲಿ ಓದುಗನದು.

ಇದಕ್ಕೆ ಒಳ್ಳೆಯ ಉದಾಹರಣೆ ವರ್ಡಲ್. ಜಾಶ್ ವಾರ್ಡಲ್ ತಮ್ಮ ಸಂಗಾತಿಗಾಗಿ ಮಾಡಿದ ಈ ಪದದಾಟ 2021ರ ಅಕ್ಟೋಬರ್‌ನಲ್ಲಿ ಎಲ್ಲರಿಗೂ ತೆರೆದುಕೊಂಡಿತು. ದಿನಕ್ಕೊಂದು ಪದ, ಆರು ಪ್ರಯತ್ನ. ಖಾತೆಯಿಲ್ಲ, ಜಾಹೀರಾತಿಲ್ಲ. ಪುಟ ತೆರೆದರೆ ಖಾಲಿ ಚೌಕಗಳು ಎದುರಿಗಿರುತ್ತಿದ್ದವು. ಆಟ ಹೇಗೆಂದು ಮೊದಲ ಸಲ ಬಂದವರಿಗೆ ಒಂದು ಚಿಕ್ಕ ಟಿಪ್ಪಣಿ ಹೇಳುತ್ತಿತ್ತು. 2022ರ ಜನವರಿ ಕೊನೆಗೆ ನ್ಯೂಯಾರ್ಕ್ ಟೈಮ್ಸ್ ಅದನ್ನು ಕೊಂಡಿತು. ಆ ಕೆಲವೇ ತಿಂಗಳಲ್ಲಿ ಆಟ ಅಷ್ಟು ದೂರ ಹಬ್ಬಿದ್ದಕ್ಕೆ ಹಸಿರು ಹಳದಿ ಚೌಕಗಳನ್ನು ಹಂಚಿಕೊಳ್ಳುವ ಖುಷಿ ಎಷ್ಟು ಕಾರಣವೋ, ಆ ಚೌಕ ಕಂಡು ಕುತೂಹಲದಿಂದ ಬಂದವರನ್ನು ಬಾಗಿಲಲ್ಲಿ ಯಾರೂ ತಡೆಯದೆ ಇದ್ದದ್ದೂ ಅಷ್ಟೇ ಕಾರಣ ಎಂದು ನನ್ನ ಅನಿಸಿಕೆ.

ಹಾಗೆಂದು ನೋಂದಣಿಯೇ ತಪ್ಪೆನ್ನಲಾರೆ. ವರ್ಡಲ್ ಆಗ ಗೆಲುವಿನ ಲೆಕ್ಕವನ್ನು ಬ್ರೌಸರಿನಲ್ಲೇ ಇಡುತ್ತಿತ್ತು. ಫೋನ್ ಬದಲಾಯಿಸಿದರೆ ನೂರು ದಿನದ ಗೆಲುವಿನ ಸರಣಿಯೂ ಹೋಯಿತು. ಅದನ್ನು ಉಳಿಸಿಕೊಳ್ಳಬೇಕೆಂದು ಆಡುವವನಿಗೇ ಅನ್ನಿಸಿದಾಗ ಖಾತೆಗೆ ಅರ್ಥ ಬರುತ್ತದೆ. ಪ್ರಶ್ನೆ ಇರುವುದು ಯಾವಾಗ ಕೇಳಬೇಕು, ಯಾರ ಅಗತ್ಯಕ್ಕಾಗಿ ಕೇಳಬೇಕು ಎಂಬುದರಲ್ಲಿ.

ಮೊದಲು ಬಿಟ್ಟಿಯಾಗಿ ಆಡಲು ಬಿಡುವುದೂ ಒಂದು ಗಾಳವಲ್ಲವೇ ಎಂದು ನೀವು ಕೇಳಬಹುದು. ಆಗಬಹುದು. ಎದುರಾಳಿಯ ರಾಜ ಇನ್ನೇನು ಸಿಕ್ಕಿಬೀಳುತ್ತಾನೆ ಎನ್ನುವಾಗ ಪರದೆಯ ಮೇಲೆ ಅರ್ಜಿ ಬಂದರೆ ಅದು ಮೊದಲೇ ಕೇಳುವುದಕ್ಕಿಂತ ಕೆಟ್ಟದ್ದು. 1993ರ ಡಿಸೆಂಬರ್‌ನಲ್ಲಿ ಬಂದ ಡೂಮ್ ಹಾಗೆ ಮಾಡಲಿಲ್ಲ. ಅದರ ಮೊದಲ ಭಾಗ ಇಡಿಯಾಗಿ ಉಚಿತ, ಯಾರು ಬೇಕಾದರೂ ಪ್ರತಿ ಮಾಡಿ ಹಂಚಬಹುದಿತ್ತು. ಮುಂದಿನ ಭಾಗಗಳಿಗಷ್ಟೇ ದುಡ್ಡು. ಮೊದಲ ಭಾಗ ತನ್ನಷ್ಟಕ್ಕೆ ಪೂರ್ತಿಯಾಗಿತ್ತು. ಅಲ್ಲಿಗೇ ಎದ್ದು ಹೋದವನಿಗೂ ಒಂದು ಆಟ ದಕ್ಕಿರುತ್ತಿತ್ತು. ರುಚಿ ತೋರಿಸುವುದಕ್ಕೂ ತುತ್ತು ಕಸಿಯುವುದಕ್ಕೂ ಇರುವ ವ್ಯತ್ಯಾಸ ಇದೇ.

ಕೊನೆಗೆ ಅಪ್ಪನಿಗೆ ಲಿಚೆಸ್ ತೋರಿಸಿದೆ. ಫ್ರಾನ್ಸಿನ ತಿಬೊ ಡುಪ್ಲೆಸಿ 2010ರಲ್ಲಿ ಶುರು ಮಾಡಿದ, ದೇಣಿಗೆಯಿಂದ ನಡೆಯುವ ತಾಣ. ಅಲ್ಲಿ ಹೆಸರಿಲ್ಲದೆಯೂ ಆಡಬಹುದು. ರೇಟಿಂಗ್ ಬೇಕಾದರೆ ಖಾತೆ ಬೇಕು. ಅದು ನ್ಯಾಯವೇ, ಸೋಲು ಗೆಲುವಿನ ಲೆಕ್ಕ ಇಡಬೇಕಾದರೆ ಆಡಿದವರು ಯಾರೆಂದು ಗೊತ್ತಿರಬೇಕಲ್ಲ. ಅಪ್ಪ ಎರಡು ವಾರ ಅನಾಮಿಕರಾಗಿಯೇ ಸೋತರು, ಗೆದ್ದರು. ಒಂದು ಸಂಜೆ ತಾವಾಗಿಯೇ ಕರೆದು, "ನನ್ನ ಹೆಸರಲ್ಲಿ ಒಂದು ಖಾತೆ ಮಾಡಿಕೊಡೋ. ನಾನು ಎಷ್ಟರವನು ಅಂತ ನೋಡಬೇಕು" ಎಂದರು.

ಯಾರೂ ಕೇಳದೆ ಇದ್ದಾಗ ಅಪ್ಪ ಹೆಸರು ಹೇಳಿದ್ದರು.